ಬೆಳೆಯುತ್ತಿರುವ ಗ್ರಾಮಗಳ ಕೊಳಚೆ ನೀರು: ಸಂಸ್ಕರಣಾ ಸಾಮರ್ಥ್ಯವನ್ನು ಯೋಜಿಸುವ ಕ್ರಮ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ

1. ವಿಷಯದ ಮಹತ್ವ

ಸುವರ್ಣಾವತಿ ನದಿಯು ಯಳಂದೂರು ತಾಲ್ಲೂಕಿನ ಮೂಲಕ ಹರಿದು ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹನೂರು ತಾಲ್ಲೂಕಿನ ಉಡುತೊರೆ ಹಳ್ಳವೂ ಇತರ ತೊರೆಗಳೂ ಕಾವೇರಿ ಕಣಿವೆಗೇ ಇಳಿಯುತ್ತವೆ. ಹೀಗಾಗಿ ಈ ಮೂರೂ ತಾಲ್ಲೂಕುಗಳಲ್ಲಿ ಒಂದು ಗ್ರಾಮವು ಚರಂಡಿಗೆ ಬಿಟ್ಟ ನೀರು ಆ ಗ್ರಾಮದ ಗಡಿಯಲ್ಲಿ ನಿಲ್ಲುವುದಿಲ್ಲ. ಅದು ಮುಂದಿನ ಗ್ರಾಮದ ಕೆರೆಗೆ, ಗದ್ದೆಗೆ, ಕೊಳವೆಬಾವಿಗೆ, ಕೊನೆಗೆ ನದಿಗೆ ತಲುಪುತ್ತದೆ. ಅದೇ ನದಿಯಿಂದ ಕೆಳಗಿನ ಊರುಗಳು ಕುಡಿಯುವ ನೀರನ್ನು ಎತ್ತುತ್ತವೆ.

ಕೊಳಚೆಯು ಕುಡಿಯುವ ನೀರಿಗೆ ಸೇರಿದರೆ ಆಗುವ ಪರಿಣಾಮವು ದೂರದ ಮಾತಲ್ಲ. 2024ರ ಮೇ ತಿಂಗಳಿನಲ್ಲಿ ನೆರೆಯ ಮೈಸೂರು ತಾಲ್ಲೂಕಿನ ಸಾಲುಂಡಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಹಲವರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು; ಒಬ್ಬ ಯುವಕ ಮೃತಪಟ್ಟನು. ಇಂತಹ ಘಟನೆಯ ನಂತರ ಟ್ಯಾಂಕರ್ ಕಳುಹಿಸುವುದು, ಕ್ಲೋರಿನ್ ಹಾಕುವುದು, ವರದಿ ಬರೆಯುವುದು ಅನಿವಾರ್ಯವಾಗುತ್ತದೆ. ಘಟನೆಗೆ ಮುನ್ನ ಮಾಡಬಹುದಾದ ಕೆಲಸವು ಗ್ರಾಮ ಪಂಚಾಯಿತಿಯ ಕೈಯಲ್ಲಿದೆ. ಆ ಕೆಲಸದ ಮೊದಲ ಹೆಜ್ಜೆ ಅಳತೆ.

ಕೊಳಚೆ ನೀರಿನ ಚರ್ಚೆ ಸಾಮಾನ್ಯವಾಗಿ "ನಮ್ಮ ಊರಿಗೂ ಒಂದು ಘಟಕ ಬೇಕು" ಎಂಬ ಬೇಡಿಕೆಯಿಂದ ಆರಂಭವಾಗುತ್ತದೆ. ಎಷ್ಟು ನೀರು, ಎಲ್ಲಿಂದ, ಯಾವ ಬಗೆಯದು, ಯಾವ ನೆಲದಲ್ಲಿ ಎಂಬುದನ್ನು ತಿಳಿಯದೆ ಕಟ್ಟಿದ ಘಟಕವು ಒಂದೋ ಬರಿದಾಗಿ ನಿಲ್ಲುತ್ತದೆ, ಇಲ್ಲವೇ ಮೊದಲ ಮಳೆಗಾಲದಲ್ಲಿಯೇ ತುಂಬಿ ಹರಿಯುತ್ತದೆ. ಆದುದರಿಂದ ಮೊದಲು ಅಳೆಯುವುದು, ನಂತರ ಮನೆಯ ಅಂಗಳದಲ್ಲಿಯೇ ಇಂಗಿಸಬಹುದಾದದ್ದನ್ನು ಇಂಗಿಸುವುದು, ಉಳಿದ ನೀರಿಗೆ ಮಾತ್ರ ಘಟಕವನ್ನು ಯೋಜಿಸುವುದು ಎಂಬ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಮೂರು ಬಗೆಯ ತ್ಯಾಜ್ಯ

ಸ್ನಾನದ ಮನೆ, ಅಡುಗೆ ಮನೆ ಹಾಗೂ ಬಟ್ಟೆ ಒಗೆಯುವ ಕಲ್ಲಿನಿಂದ ಬರುವ ನೀರನ್ನು ಬೂದು ನೀರು ಎನ್ನುತ್ತಾರೆ. ಇದರಲ್ಲಿ ಸಾಬೂನು, ಎಣ್ಣೆಯ ಜಿಡ್ಡು, ಅನ್ನದ ಅಗುಳು ಇರುತ್ತವೆ; ರೋಗಾಣುಗಳು ಕಡಿಮೆ. ಶೌಚಾಲಯದಿಂದ ಬರುವ ನೀರು ಕಪ್ಪು ನೀರು. ಇದರಲ್ಲಿ ರೋಗಾಣುಗಳು ಅಪಾರ. ಶೌಚಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಸಂಗ್ರಹವಾಗುವ ಕೆಸರನ್ನು ಮಲತ್ಯಾಜ್ಯ ಎಂದು ಕರೆಯಲಾಗುತ್ತದೆ.

ಈ ಮೂರಕ್ಕೂ ಸಂಸ್ಕರಣೆಯ ವಿಧಾನ ಬೇರೆ, ವೆಚ್ಚವೂ ಬೇರೆ. ಬೂದು ನೀರನ್ನು ಮನೆಯಂಗಳದ ಬಚ್ಚಲುಗುಂಡಿಯಲ್ಲಿಯೇ ಇಂಗಿಸಬಹುದು. ಆದರೆ ಸೆಪ್ಟಿಕ್ ಟ್ಯಾಂಕಿನ ಹೊರಹರಿವಿನ ಕೊಳವೆಯನ್ನು ಬೀದಿಯ ಚರಂಡಿಗೆ ಜೋಡಿಸಿರುವ ಬೀದಿಗಳಲ್ಲಿ ಚರಂಡಿಯ ನೀರೆಲ್ಲವೂ ಕಪ್ಪು ನೀರಿನ ಗುಣವನ್ನು ಪಡೆಯುತ್ತದೆ. ಸೆಪ್ಟಿಕ್ ಟ್ಯಾಂಕ್ ಘನಪದಾರ್ಥವನ್ನು ತಡೆಯುತ್ತದೆಯೇ ಹೊರತು ರೋಗಾಣುಗಳನ್ನು ಪೂರ್ಣವಾಗಿ ಕೊಲ್ಲುವುದಿಲ್ಲ. ಅದರಿಂದ ಹೊರಬರುವ ನೀರು ಇಂಗುಗುಂಡಿಗೆ ಹೋಗತಕ್ಕದ್ದು. ತೆರೆದ ಚರಂಡಿಗೆ ಜೋಡಣೆಯಾದ ಇಂತಹ ಮನೆಗಳೆಷ್ಟು ಎಂಬ ಎಣಿಕೆಯು ಯೋಜನೆಯ ಮೊದಲ ದಾಖಲೆಯಾಗಬೇಕು.

3. ಬೆಳೆಯುತ್ತಿರುವುದು ಯಾವುದು?

2001ರ ಜನಗಣತಿಯಿಂದ 2011ರ ಜನಗಣತಿಯವರೆಗೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಹೆಚ್ಚಿದ್ದು ಶೇ. 5.73ರಷ್ಟು ಮಾತ್ರ. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 10,20,791. ಈ ಅಂಕಿಯನ್ನು ನೋಡಿ "ನಮ್ಮ ಜಿಲ್ಲೆ ನಿಧಾನವಾಗಿ ಬೆಳೆಯುತ್ತಿದೆ, ಕೊಳಚೆಯ ಚಿಂತೆ ಈಗಲೇ ಬೇಡ" ಎಂಬ ತೀರ್ಮಾನಕ್ಕೆ ಬರುವ ಸಾಧ್ಯತೆ ಇದೆ. ಕೆಳಗಿನ ಲೆಕ್ಕವು ಆ ತೀರ್ಮಾನ ತಪ್ಪೆಂಬುದನ್ನು ತೋರಿಸುತ್ತದೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೂ ನಳದ ಮೂಲಕ ದಿನಕ್ಕೆ ತಲಾ 55 ಲೀಟರ್ ನೀರನ್ನು ಒದಗಿಸುವ ಗುರಿಯನ್ನು ಹೊಂದಿದೆ. ಅದಕ್ಕೆ ಮೊದಲು ಗ್ರಾಮೀಣ ನೀರು ಪೂರೈಕೆಯ ಮಾನದಂಡ ತಲಾ 40 ಲೀಟರ್ ಆಗಿತ್ತು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 65 ಭಾಗ ಬೂದು ನೀರಾಗಿ ಹೊರಹೋಗುತ್ತದೆ ಎಂದು ಹಿಡಿಯಲಾಗುತ್ತದೆ.

6,000 ಜನಸಂಖ್ಯೆಯ ಒಂದು ಮಾದರಿ ಗ್ರಾಮವನ್ನು ತೆಗೆದುಕೊಳ್ಳಬಹುದು. ತಲಾ 40 ಲೀಟರ್ ಪೂರೈಕೆ ಇದ್ದಾಗ ತಲಾ ಬೂದು ನೀರು 26 ಲೀಟರ್. ಗ್ರಾಮದ ಒಟ್ಟು ಬೂದು ನೀರು ದಿನಕ್ಕೆ 1,56,000 ಲೀಟರ್. ಪೂರೈಕೆ 55 ಲೀಟರಿಗೆ ಏರಿದಾಗ ತಲಾ ಬೂದು ನೀರು ಸುಮಾರು 36 ಲೀಟರ್. ಒಟ್ಟು 2,16,000 ಲೀಟರ್. ಅಂದರೆ ಒಬ್ಬನೇ ಒಬ್ಬ ನಿವಾಸಿ ಹೆಚ್ಚಾಗದಿದ್ದರೂ ದಿನಕ್ಕೆ 60,000 ಲೀಟರ್ ಬೂದು ನೀರು ಹೆಚ್ಚುತ್ತದೆ.

ಅದೇ ಗ್ರಾಮದ ಜನಸಂಖ್ಯೆ ದಶಕಕ್ಕೆ ಶೇ. 5.73ರಂತೆ 30 ವರ್ಷ ಬೆಳೆದರೆ ಸುಮಾರು 7,090 ಆಗುತ್ತದೆ. ಹೆಚ್ಚುವರಿ 1,090 ಜನರಿಂದ ಬರುವ ಬೂದು ನೀರು ದಿನಕ್ಕೆ ಸುಮಾರು 39,000 ಲೀಟರ್. ಮೂವತ್ತು ವರ್ಷಗಳ ಜನಸಂಖ್ಯಾ ಬೆಳವಣಿಗೆಗಿಂತ ನಳದ ಸಂಪರ್ಕವೇ ಹೆಚ್ಚು ಕೊಳಚೆಯನ್ನು ತರುತ್ತದೆ ಎಂಬುದು ಇದರಿಂದ ಸ್ಪಷ್ಟ. ನೀರಿನ ಯೋಜನೆಗೆ ಅನುಮೋದನೆ ನೀಡುವ ದಿನವೇ ಆ ನೀರು ಹೊರಹೋಗುವ ದಾರಿಯನ್ನೂ ಯೋಜಿಸುವುದು ಆದುದರಿಂದ ಅವಶ್ಯ.

ಜಿಲ್ಲೆಯ ಸರಾಸರಿ ಎಲ್ಲ ಗ್ರಾಮಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸತಕ್ಕದ್ದು. ಕೊಳ್ಳೇಗಾಲ ಪಟ್ಟಣದ ಅಂಚಿನ ಗ್ರಾಮಗಳು, ಯಳಂದೂರು ಮತ್ತು ಕೊಳ್ಳೇಗಾಲವನ್ನು ಹಾಯುವ ಹೆದ್ದಾರಿಯ ಬದಿಯ ಗ್ರಾಮಗಳು, 2018ರಿಂದ ತಾಲ್ಲೂಕು ಕೇಂದ್ರವಾಗಿರುವ ಹನೂರಿನ ಸುತ್ತಲಿನ ಗ್ರಾಮಗಳಲ್ಲಿ ಹೊಸ ಬಡಾವಣೆಗಳು, ವಸತಿ ಶಾಲೆಗಳು, ಕಲ್ಯಾಣ ಮಂಟಪಗಳು, ಹೋಟೆಲುಗಳು ಬರುವ ಸಾಧ್ಯತೆ ಹೆಚ್ಚು. ಇಂತಹ ಗ್ರಾಮಗಳು ತಮ್ಮದೇ ಜನಗಣತಿ ಅಂಕಿಗಳನ್ನೂ, ಕಳೆದ ಐದು ವರ್ಷಗಳಲ್ಲಿ ನೀಡಿದ ಕಟ್ಟಡ ಪರವಾನಗಿಗಳ ಸಂಖ್ಯೆಯನ್ನೂ ಆಧಾರವಾಗಿ ಇಟ್ಟುಕೊಳ್ಳಬೇಕು.

4. ಅಳೆಯುವ ವಿಧಾನ

ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ. ಎರಡು ದಾರಿಗಳಿಂದ ಅಳೆದು ಹೋಲಿಸಿದರೆ ನಂಬಬಹುದಾದ ಅಂಕಿ ದೊರೆಯುತ್ತದೆ.

ಮೊದಲನೆಯದು ಒಳಬರುವ ನೀರಿನ ಲೆಕ್ಕ. ಓವರ್‌ಹೆಡ್ ಟ್ಯಾಂಕಿನ ಸಾಮರ್ಥ್ಯ ಎಷ್ಟು, ದಿನಕ್ಕೆ ಎಷ್ಟು ಬಾರಿ ತುಂಬಿಸಲಾಗುತ್ತದೆ ಎಂಬುದು ನೀರುಗಂಟಿಗೆ ತಿಳಿದಿರುತ್ತದೆ. 50,000 ಲೀಟರಿನ ಟ್ಯಾಂಕ್ ದಿನಕ್ಕೆ ಎರಡು ಬಾರಿ ತುಂಬಿ ಬರಿದಾದರೆ ಪೂರೈಕೆ 1 ಲಕ್ಷ ಲೀಟರ್. ಅದು 2,000 ಜನರಿಗೆ ಹಂಚಿಕೆಯಾದರೆ ತಲಾ 50 ಲೀಟರ್. ಇದರಲ್ಲಿ ಕೊಳವೆಯ ಸೋರಿಕೆಯನ್ನೂ, ಜಾನುವಾರುಗಳಿಗೆ ಬಳಸುವ ನೀರನ್ನೂ ಅಂದಾಜಿಸಿ ಕಳೆಯಬೇಕು. ಮನೆಗಳಲ್ಲಿ ಸ್ವಂತ ಕೊಳವೆಬಾವಿಗಳಿದ್ದರೆ ಆ ನೀರನ್ನು ಕೂಡಿಸಬೇಕು.

ಎರಡನೆಯದು ಹೊರಹೋಗುವ ನೀರಿನ ಲೆಕ್ಕ. ಗ್ರಾಮದ ಚರಂಡಿಗಳು ಕೊನೆಯಾಗುವ ಪ್ರತಿ ಸ್ಥಳದಲ್ಲಿ ಮಳೆಯಿಲ್ಲದ ದಿನ ನೀರನ್ನು ಒಂದು ಕೊಳವೆಯ ಮೂಲಕ ಹಾಯಿಸಿ, 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಬೇಕು. 10 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್. ಬೆಳಿಗ್ಗೆ 5 ಗಂಟೆಯಿಂದ ರಾತ್ರಿ 9 ಗಂಟೆಯವರೆಗೆ ಗಂಟೆಗೊಮ್ಮೆ ಅಳೆದು ಕೂಡಿಸಿದರೆ ದಿನದ ಹರಿವು ಹೆಚ್ಚುಕಡಿಮೆ ಸಿಗುತ್ತದೆ. ಅಳೆಯುವವರು ಕೈಗವಸು ಮತ್ತು ಬೂಟು ಧರಿಸತಕ್ಕದ್ದು. ಸಾಮಾನ್ಯ ದಿನ, ಸಂತೆಯ ದಿನ, ಹಬ್ಬದ ದಿನ ಹೀಗೆ ಮೂರು ಬಗೆಯ ದಿನಗಳಲ್ಲಿ ಅಳೆಯುವುದು ಒಳ್ಳೆಯದು.

ಈ ಅಳತೆಯಿಂದ ದಿನದ ಒಟ್ಟು ಹರಿವಿನ ಜೊತೆಗೆ ಅತಿ ಹೆಚ್ಚಿನ ಹರಿವಿನ ಗಂಟೆಯೂ ತಿಳಿಯುತ್ತದೆ. ಬೆಳಗಿನ ಎರಡು ಮೂರು ಗಂಟೆಗಳಲ್ಲಿಯೇ ಹೆಚ್ಚಿನ ನೀರು ಹರಿಯುತ್ತದೆ. ಒಳಚರಂಡಿ ಕೊಳವೆಗಳ ವಿನ್ಯಾಸದಲ್ಲಿ 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಸರಾಸರಿ ಹರಿವಿನ ಮೂರು ಪಟ್ಟನ್ನು ಗರಿಷ್ಠ ಹರಿವೆಂದು ಹಿಡಿಯುವ ರೂಢಿ ಇದೆ. ಸರಾಸರಿಗೆ ಮಾತ್ರ ಕಟ್ಟಿದ ಕೊಳವೆ ಪ್ರತಿದಿನ ಬೆಳಿಗ್ಗೆ ಉಕ್ಕುತ್ತದೆ.

5. ಮನೆಯ ಅಂಗಳದಲ್ಲಿಯೇ ಮುಗಿಯುವ ಕೆಲಸ

ಘಟಕಕ್ಕೆ ಬಾರದ ನೀರಿಗೆ ಕೊಳವೆ ಬೇಡ, ಭೂಮಿ ಬೇಡ, ವಿದ್ಯುತ್ ಬೇಡ. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದಾದ್ಯಂತ ಬಚ್ಚಲುಗುಂಡಿಗಳನ್ನು ನಿರ್ಮಿಸಿದ ಅನುಭವ ಗ್ರಾಮ ಪಂಚಾಯಿತಿಗಳಿಗೆ ಇದೆ. ಅಂಗಳವಿರುವ ಮನೆಗೆ ಒಂದು ಬಚ್ಚಲುಗುಂಡಿ, ಅಂಗಳವಿಲ್ಲದ ಓಣಿಗೆ ಒಂದು ಸಮುದಾಯ ಇಂಗುಗುಂಡಿ ಎಂಬ ಕ್ರಮದಲ್ಲಿ ಯೋಜಿಸಬಹುದು. ಹಿತ್ತಲಿನಲ್ಲಿ ಬಾಳೆ, ತೆಂಗು, ಕರಿಬೇವು ಇರುವ ಮನೆಗಳಲ್ಲಿ ಕೈತೋಟಕ್ಕೆ ನೀರು ಹಾಯಿಸುವುದು ಇನ್ನೂ ಸುಲಭ. ಗುಂಡಿಗೆ ಮೊದಲು ಕಸ ಮತ್ತು ಜಿಡ್ಡನ್ನು ತಡೆಯುವ ಚಿಕ್ಕ ತೊಟ್ಟಿ ಇರಲೇಬೇಕು; ಅದನ್ನು ವಾರಕ್ಕೊಮ್ಮೆ ಶುಚಿಗೊಳಿಸದಿದ್ದರೆ ಗುಂಡಿಯ ಬದಿಗಳು ಜಿಡ್ಡುಗಟ್ಟಿ ಇಂಗುವಿಕೆ ನಿಲ್ಲುತ್ತದೆ.

ಶೌಚಾಲಯಕ್ಕೆ ಸಂಬಂಧಿಸಿದಂತೆ ಎರಡು ಗುಂಡಿಗಳ ವಿಧಾನವು ಗ್ರಾಮೀಣ ಪ್ರದೇಶಕ್ಕೆ ಸೂಕ್ತವೆಂದು ಸ್ವಚ್ಛ ಭಾರತ್ ಮಿಷನ್ ಶಿಫಾರಸು ಮಾಡಿದೆ. ಒಂದು ಗುಂಡಿ ತುಂಬಿದ ನಂತರ ಹರಿವನ್ನು ಇನ್ನೊಂದಕ್ಕೆ ತಿರುಗಿಸಲಾಗುತ್ತದೆ. ಮುಚ್ಚಿದ ಗುಂಡಿಯಲ್ಲಿನ ಮಲವು ಒಂದೂವರೆ ವರ್ಷದಿಂದ ಎರಡು ವರ್ಷಗಳಲ್ಲಿ ದುರ್ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಒಂದೇ ಗುಂಡಿ ಇರುವ ಮನೆಗಳಿಗೆ ಎರಡನೆಯ ಗುಂಡಿಯನ್ನು ಜೋಡಿಸಿದರೆ ಆ ಮನೆಗಳಿಂದ ಮಲತ್ಯಾಜ್ಯವನ್ನು ಹೊರಗೆ ಸಾಗಿಸುವ ಅಗತ್ಯವೇ ಬೀಳುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಇಂಗಿಸುವ ವಿಧಾನವು ನೆಲದ ಗುಣವನ್ನು ಅವಲಂಬಿಸಿದೆ. ಶೌಚಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 10 ಮೀಟರ್ ಅಂತರ ಇರಬೇಕು. ಬಿರುಕುಗಳಿರುವ ಬಂಡೆಯ ನೆಲದಲ್ಲಿ ಈ ಅಂತರವೂ ಸಾಲದೆ ಹೋಗಬಹುದು. ಏಕೆಂದರೆ ಮಣ್ಣಿನಲ್ಲಿ ಸೋಸಲ್ಪಡದ ನೀರು ಬಿರುಕಿನ ಮೂಲಕ ನೇರವಾಗಿ ಕೊಳವೆಬಾವಿಯನ್ನು ತಲುಪಬಲ್ಲದು. ಕುಡಿಯುವ ನೀರಿನ ರಾಷ್ಟ್ರೀಯ ಮಾನದಂಡದಂತೆ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಇರಲೇಬಾರದು. ನೈಟ್ರೇಟ್ ಏರುತ್ತಿರುವ ಕೊಳವೆಬಾವಿಯ ಸುತ್ತಲಿನ ಗುಂಡಿಗಳನ್ನು ಕೂಡಲೇ ಪರಿಶೀಲಿಸತಕ್ಕದ್ದು.

6. ಮೂರು ತಾಲ್ಲೂಕು, ಬೇರೆ ಬೇರೆ ನೆಲ

ಯಳಂದೂರು ತಾಲ್ಲೂಕಿನ ಬಯಲು ಭಾಗದಲ್ಲಿ ಕೆರೆ, ನಾಲೆ ಮತ್ತು ಗದ್ದೆಗಳ ನಡುವೆ ಗ್ರಾಮಗಳಿವೆ. ಅಗರ, ಮಾಂಬಳ್ಳಿಯಂತಹ ದೊಡ್ಡ ಗ್ರಾಮಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಅಂತರ್ಜಲ ಮೇಲೆಯೇ ಇರುವ ಗದ್ದೆ ಬದಿಯ ಓಣಿಗಳಲ್ಲಿ ಮಳೆಗಾಲದಲ್ಲಿ ಇಂಗುಗುಂಡಿ ತುಂಬಿ ನಿಲ್ಲುತ್ತದೆ. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲ ಮಟ್ಟಕ್ಕೂ ನಡುವೆ 2 ಮೀಟರ್ ಒಣ ಮಣ್ಣು ಇಲ್ಲದ ಕಡೆ ಇಂಗಿಸುವುದಕ್ಕಿಂತ ಮುಚ್ಚಿದ ಚರಂಡಿಯ ಮೂಲಕ ಊರಿನ ತಗ್ಗಿಗೆ ತಂದು, ಕೆರೆಗೆ ಸೇರುವ ಮುನ್ನ ಸಂಸ್ಕರಿಸುವುದು ಸೂಕ್ತ. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸ್ಥಿತಿ ಬೇರೆ. ಅಲ್ಲಿ ಮನೆಗಳು ಚದುರಿವೆ, ಪ್ರದೇಶವು ಹುಲಿ ಸಂರಕ್ಷಿತ ಅರಣ್ಯದ ವ್ಯಾಪ್ತಿಯಲ್ಲಿದೆ. ಅಲ್ಲಿಗೆ ಎರಡು ಗುಂಡಿಗಳ ಶೌಚಾಲಯವೇ ಸರಿಯಾದ ಉತ್ತರ.

ಕೊಳ್ಳೇಗಾಲ ತಾಲ್ಲೂಕಿನ ನದಿ ತೀರದ ಗ್ರಾಮಗಳಿಗೆ ನೆರೆಯ ಲೆಕ್ಕ ಅವಶ್ಯ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿ ಉಕ್ಕಿದಾಗ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು ಮೊದಲಾದ ಗ್ರಾಮಗಳು ತೊಂದರೆಗೆ ಒಳಗಾದವು. ಇಂತಹ ಕಡೆ ಊರಿನ ಅತಿ ತಗ್ಗಿನ ಜಾಗದಲ್ಲಿ ಘಟಕ ಕಟ್ಟಿದರೆ ಪ್ರವಾಹ ಬಂದಾಗ ಅದರಲ್ಲಿನದೆಲ್ಲವೂ ನದಿಯ ಪಾಲಾಗುತ್ತದೆ. ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಊರಿನ ಹಿರಿಯರಿಂದ ಕೇಳಿ ಗೋಡೆಯ ಮೇಲೆ ಗುರುತಿಸಿ, ಆ ಮಟ್ಟಕ್ಕಿಂತ ಎತ್ತರದಲ್ಲಿ ಜಾಗ ಹುಡುಕಬೇಕು. ರೇಷ್ಮೆ ನೇಯ್ಗೆ ನಡೆಯುವ ಪ್ರದೇಶದಲ್ಲಿ ಬಣ್ಣ ಹಾಕುವ ಕೆಲಸದ ನೀರನ್ನು ಮನೆಬಳಕೆಯ ನೀರಿನೊಂದಿಗೆ ಸೇರಿಸಬಾರದು. ಬಣ್ಣ ಮತ್ತು ರಾಸಾಯನಿಕಗಳು ಘಟಕದಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ.

ಹನೂರು ತಾಲ್ಲೂಕಿನಲ್ಲಿ ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿಯಂತಹ ದೊಡ್ಡ ಗ್ರಾಮಗಳಿದ್ದರೂ ನೆಲ ಗುಡ್ಡಗಾಡು, ನೀರಿನ ಆಸರೆ ಬಹುತೇಕ ಕೊಳವೆಬಾವಿ. ಇಲ್ಲಿ ಬಂಡೆಯ ಬಿರುಕಿನ ಅಪಾಯವನ್ನು ಮೊದಲು ನೋಡಬೇಕು. ಮಳೆ ಕಡಿಮೆಯಿರುವ ಈ ಭಾಗದಲ್ಲಿ ಸಂಸ್ಕರಿಸಿದ ನೀರಿಗೆ ಬೆಲೆಯೂ ಹೆಚ್ಚು. ಮೇವಿನ ಹುಲ್ಲಿಗೆ, ಮರಗಳಿಗೆ ಅದನ್ನು ಬಳಸಬಹುದು.

ಯಾತ್ರಾ ಸ್ಥಳಗಳ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಪ್ರತಿ ಅಮಾವಾಸ್ಯೆಗೂ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿಯೂ ಸೇರುವ ಜನಸಂಖ್ಯೆಗೂ ಸಾಮಾನ್ಯ ದಿನದ ಜನಸಂಖ್ಯೆಗೂ ಹೋಲಿಕೆಯೇ ಇಲ್ಲ. ಚಿಕ್ಕಲ್ಲೂರು ಜಾತ್ರೆ ಐದು ದಿನ ನಡೆಯುತ್ತದೆ. ಜಾತ್ರೆಯ ದಿನಕ್ಕೆ ತಕ್ಕಂತೆ ಘಟಕ ಕಟ್ಟಿದರೆ ವರ್ಷದ ಉಳಿದ ದಿನ ಅದರ ಸೂಕ್ಷ್ಮಜೀವಿಗಳಿಗೆ ಆಹಾರವಿಲ್ಲದೆ ಘಟಕ ಕೆಡುತ್ತದೆ. ಸಾಮಾನ್ಯ ದಿನಕ್ಕೆ ಕಟ್ಟಿದರೆ ಜಾತ್ರೆಯ ದಿನ ಉಕ್ಕುತ್ತದೆ. ಹೆಚ್ಚುವರಿ ನೀರನ್ನು ಕೆಲವು ದಿನ ಹಿಡಿದಿಟ್ಟು ನಿಧಾನವಾಗಿ ಘಟಕಕ್ಕೆ ಬಿಡುವ ಸಮತೋಲನ ತೊಟ್ಟಿ, ಜಾತ್ರೆಯ ಅವಧಿಗೆ ಸಂಚಾರಿ ಶೌಚಾಲಯಗಳು, ಅವುಗಳ ತ್ಯಾಜ್ಯವನ್ನು ಮೊದಲೇ ನಿಗದಿಪಡಿಸಿದ ಘಟಕಕ್ಕೆ ಸಾಗಿಸುವ ವ್ಯವಸ್ಥೆ ಇವು ಈ ಸಮಸ್ಯೆಗೆ ಪರಿಹಾರ.

7. ಉಳಿದ ನೀರಿಗೆ ಘಟಕ

ಮೇಲಿನ 6,000 ಜನರ ಗ್ರಾಮದ 2,16,000 ಲೀಟರ್ ಬೂದು ನೀರನ್ನು ಕೊಳದ ವಿಧಾನದಲ್ಲಿ ಸಂಸ್ಕರಿಸುವುದಾದರೆ ಎಷ್ಟು ಭೂಮಿ ಬೇಕು? ನೀರು 10 ದಿನ ನಿಲ್ಲಬೇಕು, ಕೊಳದ ಆಳ 1.5 ಮೀಟರ್ ಎಂದು ಉದಾಹರಣೆಗೆ ಹಿಡಿದರೆ 2,160 ಘನ ಮೀಟರ್ ನೀರಿಗೆ 1,440 ಚದರ ಮೀಟರ್, ಅಂದರೆ ಸುಮಾರು 14 ಗುಂಟೆ ನೀರಿನ ಹರವು ಬೇಕು. ಅರ್ಧದಷ್ಟು ಮನೆಗಳು ಬಚ್ಚಲುಗುಂಡಿ ಹೊಂದಿದ್ದರೆ 7 ಗುಂಟೆ ಸಾಕು. ಏರಿ, ದಾರಿ, ಬೇಲಿ ಮತ್ತು ಮುಂದಿನ ವಿಸ್ತರಣೆಗೆ ಇಷ್ಟೇ ಜಾಗವನ್ನು ಮತ್ತೆ ಸೇರಿಸಿಕೊಳ್ಳಬೇಕು. ಪಂಚಾಯಿತಿಯ ಕೈಯಲ್ಲಿ ಖಾಲಿ ಜಾಗ ವಿರಳವಾಗಿರುವಾಗ ಬಚ್ಚಲುಗುಂಡಿಯ ಬೆಲೆ ಏನೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಗ್ರಾಮಗಳಿಗೆ ಮುಖ್ಯವಾಗಿ ಮೂರು ವಿಧಾನಗಳು ಲಭ್ಯ. ಒಂದು, ಸರಣಿ ಕೊಳಗಳು: ಸೂರ್ಯನ ಬೆಳಕು, ಪಾಚಿ ಮತ್ತು ಸೂಕ್ಷ್ಮಜೀವಿಗಳೇ ಕೆಲಸ ಮಾಡುತ್ತವೆ, ಭೂಮಿ ಹೆಚ್ಚು, ವಿದ್ಯುತ್ ಬೇಡ. ಎರಡು, ಜಲ್ಲಿ ತುಂಬಿದ ಹಾಸಿನಲ್ಲಿ ಕಾಬಾಳೆ, ಜೊಂಡು ಬೆಳೆಸಿ ನೀರನ್ನು ಹಾಯಿಸುವ ವಿಧಾನ: ಭೂಮಿ ಕಡಿಮೆ, ಆದರೆ ಹೂಳು ಮೊದಲೇ ನಿಲ್ಲಬೇಕು. ಮೂರು, ನೆಲದಡಿಯ ತೊಟ್ಟಿಗಳ ಸರಣಿಯಲ್ಲಿ ಗಾಳಿಯಿಲ್ಲದೆ ಕೊಳೆಸಿ ನಂತರ ಜಲ್ಲಿ ಹಾಸಿನಲ್ಲಿ ಸೋಸುವ ವಿಧಾನ: ಕಪ್ಪು ನೀರು ಬೆರೆತ ಕಡೆಗೂ ಹೊಂದುತ್ತದೆ. ಗಾಳಿ ಊದುವ ಯಂತ್ರಗಳುಳ್ಳ ಘಟಕವು ಜಾಗವನ್ನು ಉಳಿಸುತ್ತದೆ. ಆದರೆ ಅದಕ್ಕೆ ನಿರಂತರ ವಿದ್ಯುತ್ತೂ, ತರಬೇತಿ ಪಡೆದ ನಿರ್ವಾಹಕನೂ ಬೇಕು. ವಿದ್ಯುತ್ ಬಿಲ್ಲನ್ನು ಪ್ರತಿ ತಿಂಗಳು ಕಟ್ಟಲಾಗದ ಪಂಚಾಯಿತಿಗೆ ಅದು ಹೊರೆಯಾಗುತ್ತದೆ.

ಅವಧಿಯ ಬಗ್ಗೆಯೂ ತಿಳಿದಿರಬೇಕು. ನೆಲದಡಿ ಹೂಳುವ ಕೊಳವೆಗಳನ್ನು ಮತ್ತೆ ಅಗೆದು ಬದಲಿಸುವುದು ಕಷ್ಟ. ಅವುಗಳನ್ನು 30 ವರ್ಷಗಳ ಮುಂದಿನ ಹರಿವಿಗೆ ವಿನ್ಯಾಸ ಮಾಡಲಾಗುತ್ತದೆ. ಪಂಪು ಮತ್ತು ಯಂತ್ರಗಳಿಗೆ 15 ವರ್ಷದ ಲೆಕ್ಕ ಹಿಡಿಯಲಾಗುತ್ತದೆ. ಘಟಕವನ್ನು ಇಂದಿನ ಹರಿವಿಗೆ ಒಂದು ಭಾಗವಾಗಿ ಕಟ್ಟಿ, ಎರಡನೆಯ ಭಾಗಕ್ಕೆ ಜಾಗವನ್ನು ಮಾತ್ರ ಕಾದಿರಿಸುವುದು ಸಣ್ಣ ಪಂಚಾಯಿತಿಗಳಿಗೆ ಮಿತವ್ಯಯದ ಮಾರ್ಗ. ಹಾಗೆ ಕಾದಿರಿಸಿದ ಜಾಗವನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ನಮೂದಿಸದಿದ್ದರೆ ಹತ್ತು ವರ್ಷಗಳ ನಂತರ ಅದು ಉಳಿದಿರುವುದಿಲ್ಲ.

8. ಮಲತ್ಯಾಜ್ಯದ ಪ್ರಶ್ನೆ ಮತ್ತು ದೇವನಹಳ್ಳಿಯ ಪಾಠ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಪಟ್ಟಣದಲ್ಲಿ 2011ರ ಜನಗಣತಿಯಂತೆ ಸುಮಾರು 28,000 ಜನರಿದ್ದರು. ಒಳಚರಂಡಿ ಜಾಲ ಇರಲಿಲ್ಲ. ಮನೆಗಳ ಗುಂಡಿಗಳಿಂದ ತೆಗೆದ ಮಲತ್ಯಾಜ್ಯವನ್ನು ಸಂಸ್ಕರಿಸಲು 2015ರಲ್ಲಿ ಅಲ್ಲಿ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಘಟಕ ಆರಂಭವಾಯಿತು. ಪಟ್ಟಣವೊಂದಕ್ಕಾಗಿ ದೇಶದಲ್ಲಿ ನಿರ್ಮಾಣವಾದ ಮೊದಲ ಮಲತ್ಯಾಜ್ಯ ಸಂಸ್ಕರಣಾ ಘಟಕವೆಂದು ಅದು ಹೆಸರಾಗಿದೆ. ಲಾರಿಯಲ್ಲಿ ಬಂದ ಕೆಸರನ್ನು ತೊಟ್ಟಿಗಳಲ್ಲಿ ಕೊಳೆಸಿ, ಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿ ಕಸದೊಂದಿಗೆ ಬೆರೆಸಿ ಗೊಬ್ಬರ ಮಾಡಲಾಗುತ್ತದೆ. ಬೇರ್ಪಟ್ಟ ನೀರನ್ನು ಜಲ್ಲಿ ಹಾಸಿನಲ್ಲಿ ಸೋಸಲಾಗುತ್ತದೆ.

ಈ ಅನುಭವದ ಮುಖ್ಯ ಪಾಠವೆಂದರೆ ಒಳಚರಂಡಿ ಜಾಲಕ್ಕಾಗಿ ದಶಕಗಳ ಕಾಲ ಕಾಯದೆಯೂ ಊರೊಂದು ತನ್ನ ಮಲತ್ಯಾಜ್ಯವನ್ನು ನಿಭಾಯಿಸಬಹುದು. ಗ್ರಾಮಗಳಿಗೆ ಇದೇ ಲೆಕ್ಕವನ್ನು ಹೀಗೆ ಅನ್ವಯಿಸಬಹುದು: 1,000 ಮನೆಗಳ ಸೆಪ್ಟಿಕ್ ಟ್ಯಾಂಕುಗಳಿಂದ ಮೂರು ವರ್ಷಕ್ಕೊಮ್ಮೆ ತಲಾ 3,000 ಲೀಟರ್ ತೆಗೆದರೆ ವರ್ಷಕ್ಕೆ 10 ಲಕ್ಷ ಲೀಟರ್, ವರ್ಷಕ್ಕೆ 300 ಕೆಲಸದ ದಿನಗಳಂತೆ ದಿನಕ್ಕೆ ಸುಮಾರು 3,300 ಲೀಟರ್. ಆದುದರಿಂದ 6,000 ಲೀಟರಿನ ಒಂದು ಘಟಕವು ಇಂತಹ ಸುಮಾರು 1,800 ಮನೆಗಳಿಗೆ ಸಾಕು. ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಘಟಕ ಅನಗತ್ಯ. ನೆರೆಹೊರೆಯ ಪಂಚಾಯಿತಿಗಳು ಒಟ್ಟಾಗಿ ಒಂದನ್ನು ಹೊಂದಬಹುದು. ಸಮೀಪದ ಪಟ್ಟಣದಲ್ಲಿ ಸಾಮರ್ಥ್ಯ ಉಳಿದಿರುವ ಘಟಕವಿದ್ದರೆ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಇನ್ನೂ ಮಿತವ್ಯಯ. ಮನೆಯಿಂದ ಘಟಕಕ್ಕೆ ದೂರ ಹೆಚ್ಚಾದಷ್ಟೂ ಸಕ್ಕಿಂಗ್ ಲಾರಿಯವರು ದಾರಿಯ ಹಳ್ಳದಲ್ಲಿಯೇ ಸುರಿದುಹೋಗುವ ಸಂಭವ ಹೆಚ್ಚುತ್ತದೆ. ಲಾರಿಗಳ ನೋಂದಣಿ, ಪ್ರತಿ ಲೋಡಿಗೂ ಘಟಕದಿಂದ ರಸೀದಿ, ರಸೀದಿ ತೋರಿಸಿದ ನಂತರವೇ ಹಣ ಎಂಬ ನಿಯಮವನ್ನು ಪಂಚಾಯಿತಿ ನಿರ್ಣಯದ ಮೂಲಕ ಜಾರಿಗೆ ತರಬಹುದು.

9. ಕೆಲಸಗಾರರ ಜೀವ

ಗುಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳಲ್ಲಿ ಸಂಗ್ರಹವಾಗುವ ಅನಿಲಗಳು ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿಸುತ್ತವೆ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಸತ್ತ ಪ್ರಕರಣಗಳು ಅನೇಕ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯು ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಇಂತಹ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಯಂತ್ರದಿಂದ ತೆಗೆಯುವ ವ್ಯವಸ್ಥೆ ಊರಿನಲ್ಲಿ ಇಲ್ಲದಿದ್ದಾಗ ಮನೆಯವರು ಬಡ ಕೂಲಿಕಾರನನ್ನು ಕರೆಸುತ್ತಾರೆ. ಸಾಮರ್ಥ್ಯದ ಯೋಜನೆಯಲ್ಲಿ ಸಕ್ಕಿಂಗ್ ಯಂತ್ರವೂ ಸೇರಿರಬೇಕೆಂಬುದಕ್ಕೆ ಇದೇ ಕಾರಣ. ಓಣಿಯ ಅಗಲಕ್ಕೆ ಹೊಂದುವ ಯಂತ್ರವನ್ನು ಆರಿಸಬೇಕು. ದೊಡ್ಡ ಲಾರಿ ಹೋಗದ ಓಣಿಯಲ್ಲಿಯೇ ಮನುಷ್ಯನನ್ನು ಇಳಿಸುವ ಅಪಾಯ ಹೆಚ್ಚು.

10. ಹಣಕಾಸು ಮತ್ತು ನಿರ್ವಹಣೆ

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದ 2020ರ ಮಾರ್ಗಸೂಚಿಯು ಬೂದು ನೀರು ನಿರ್ವಹಣೆಗೆ 5,000ದವರೆಗಿನ ಜನಸಂಖ್ಯೆಯ ಗ್ರಾಮಕ್ಕೆ ತಲಾ 280 ರೂಪಾಯಿ, ಅದಕ್ಕಿಂತ ದೊಡ್ಡ ಗ್ರಾಮಕ್ಕೆ ತಲಾ 660 ರೂಪಾಯಿಗಳ ಗರಿಷ್ಠ ಮಿತಿಯನ್ನು ನಿಗದಿಪಡಿಸಿತು. ಇದರಲ್ಲಿ ಶೇ. 30 ಭಾಗವನ್ನು ಗ್ರಾಮ ಪಂಚಾಯಿತಿಯು 15ನೇ ಹಣಕಾಸು ಆಯೋಗದ ಅನುದಾನದಿಂದ ಭರಿಸಬೇಕಿತ್ತು. ಮಲತ್ಯಾಜ್ಯ ನಿರ್ವಹಣೆಗೆ ತಲಾ 230 ರೂಪಾಯಿಗಳ ಮಿತಿ ಇತ್ತು. ಈ ಲೆಕ್ಕದಂತೆ 2,000 ಜನರ ಗ್ರಾಮಕ್ಕೆ ಬೂದು ನೀರಿನ ಗರಿಷ್ಠ ಮೊತ್ತ 5,60,000 ರೂಪಾಯಿ. 6,000 ಜನರ ಗ್ರಾಮಕ್ಕೆ 39,60,000 ರೂಪಾಯಿ. 15ನೇ ಹಣಕಾಸು ಆಯೋಗದ 2021-26ರ ಅವಧಿಯ ಅನುದಾನದಲ್ಲಿ ಶೇ. 30 ಭಾಗ ನೈರ್ಮಲ್ಯಕ್ಕೂ, ಶೇ. 30 ಭಾಗ ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೂ ಮೀಸಲಾಗಿತ್ತು. ಯೋಜನೆ ಸಲ್ಲಿಸುವ ದಿನ ಜಾರಿಯಲ್ಲಿರುವ ದರ ಮತ್ತು ಅವಧಿಯನ್ನು ತಾಲ್ಲೂಕು ಪಂಚಾಯಿತಿಯಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಅನುದಾನದಿಂದ ಘಟಕ ಕಟ್ಟಬಹುದು. ಅದನ್ನು ನಡೆಸಲು ಪ್ರತಿ ವರ್ಷ ಹಣ ಬೇಕು. ಕೊಳದ ಹೂಳೆತ್ತುವುದು, ಜಲ್ಲಿ ತೊಳೆಯುವುದು, ಬೇಲಿ ದುರಸ್ತಿ, ನಿರ್ವಾಹಕರ ವೇತನ, ವಿದ್ಯುತ್, ನೀರಿನ ಪರೀಕ್ಷೆ ಇವುಗಳಿಗೆ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ ಇರಬೇಕು. ಯೋಜನಾ ವರದಿಯನ್ನು ಅನುಮೋದಿಸುವ ಮುನ್ನ "ಐದು ವರ್ಷಗಳ ನಿರ್ವಹಣಾ ವೆಚ್ಚ ಎಷ್ಟು, ಅದು ಯಾವ ಆದಾಯದಿಂದ ಬರುತ್ತದೆ" ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಸದಸ್ಯರೂ ಕೇಳಬೇಕು. ಉತ್ತರವಿಲ್ಲದ ವರದಿಯನ್ನು ಹಿಂದಿರುಗಿಸುವುದರಿಂದ ನಷ್ಟವಿಲ್ಲ.

11. ಕಾನೂನಿನ ಅಂಶಗಳು

ಚರಂಡಿಗಳ ನಿರ್ಮಾಣ ಮತ್ತು ನಿರ್ವಹಣೆ ಹಾಗೂ ಕೊಳಚೆಯ ವಿಲೇವಾರಿಯು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಗ್ರಾಮ ಪಂಚಾಯಿತಿಯ ಹೊಣೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೇ ಪ್ರಕರಣವು ಹೊಳೆ ಮತ್ತು ಬಾವಿಗಳಿಗೆ ಮಾಲಿನ್ಯಕಾರಕ ವಸ್ತುವನ್ನು ಬಿಡುವುದನ್ನು ನಿಷೇಧಿಸುತ್ತದೆ. 25ನೇ ಪ್ರಕರಣದಂತೆ ಹೊಸ ಹೊರಹರಿವಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಸಂಸ್ಕರಿಸಿದ ನೀರಿನ ಗುಣಮಟ್ಟದ ಮಿತಿಯನ್ನು ಆ ಸಮ್ಮತಿ ಪತ್ರದಲ್ಲಿ ನಮೂದಿಸಲಾಗುತ್ತದೆ. ಗುತ್ತಿಗೆದಾರರಿಗೆ ಅಂತಿಮ ಬಿಲ್ಲು ಪಾವತಿಸುವ ಮುನ್ನ ಹೊರಹರಿವಿನ ನೀರು ಆ ಮಿತಿಯೊಳಗಿದೆಯೆಂಬ ಪ್ರಯೋಗಾಲಯದ ವರದಿ ಪಡೆಯತಕ್ಕದ್ದು. ಅರಣ್ಯ ಮತ್ತು ವನ್ಯಜೀವಿ ಧಾಮಗಳ ವ್ಯಾಪ್ತಿಯ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಂದಾಜು ಪಟ್ಟಿಯನ್ನೂ ತಯಾರಿಸಬಾರದು. ಆ ವೆಚ್ಚ ವ್ಯರ್ಥವಾಗುತ್ತದೆ.

ಹೊಸ ಬಡಾವಣೆಯನ್ನು ಪಂಚಾಯಿತಿಗೆ ಹಸ್ತಾಂತರಿಸಿಕೊಳ್ಳುವ ಮುನ್ನ ಅದರ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ಥಳದಲ್ಲಿಯೇ ನೋಡಬೇಕು. ನಕ್ಷೆಯಲ್ಲಿ ಮಾತ್ರ ಇರುವ ಚರಂಡಿಯ ಹೊಣೆಯು ಹಸ್ತಾಂತರದ ಮರುದಿನ ಪಂಚಾಯಿತಿಯ ಮೇಲೆಯೇ ಬೀಳುತ್ತದೆ.

12. ಮುಂದಿನ ಸಾಮಾನ್ಯ ಸಭೆಯ ಚರ್ಚೆಗೆ

ಈ ಲೇಖನವನ್ನು ಓದಿದ ನಂತರ ಪ್ರತಿ ಗ್ರಾಮ ಪಂಚಾಯಿತಿಯು ಕೆಳಗಿನ ಮಾಹಿತಿಯನ್ನು ಗ್ರಾಮವಾರು ಸಂಗ್ರಹಿಸಿ, ಗ್ರಾಮ ಸಭೆಯಲ್ಲಿ ಓದಿ ಹೇಳಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು ಅಪೇಕ್ಷಣೀಯ.

(1) ಗ್ರಾಮಕ್ಕೆ ದಿನಕ್ಕೆ ಪೂರೈಕೆಯಾಗುವ ನೀರು ಎಷ್ಟು ಲೀಟರ್? ತಲಾ ಎಷ್ಟು?

(2) ಚರಂಡಿಗಳ ಕೊನೆಯಲ್ಲಿ ಅಳೆದ ಹರಿವು ಎಷ್ಟು? ಅದು ಕೊನೆಗೆ ಯಾವ ಕೆರೆ, ಹಳ್ಳ ಅಥವಾ ಗದ್ದೆಯನ್ನು ಸೇರುತ್ತದೆ? ಆ ಹರಿವಿನ ಕೆಳಗೆ ಕುಡಿಯುವ ನೀರಿನ ಮೂಲವಿದೆಯೇ?

(3) ಎರಡು ಗುಂಡಿ, ಒಂದೇ ಗುಂಡಿ, ಸೆಪ್ಟಿಕ್ ಟ್ಯಾಂಕ್ ಹೊಂದಿರುವ ಮನೆಗಳೆಷ್ಟು? ಸೆಪ್ಟಿಕ್ ಟ್ಯಾಂಕಿನ ನೀರು ಚರಂಡಿಗೆ ಬೀಳುವ ಮನೆಗಳೆಷ್ಟು?

(4) ಬಚ್ಚಲುಗುಂಡಿಗೆ ಅಂಗಳವಿರುವ ಮನೆಗಳೆಷ್ಟು? ಅಂಗಳವಿಲ್ಲದ ಓಣಿಗಳು ಯಾವುವು?

(5) ಮಳೆಗಾಲದಲ್ಲಿ ಅಂತರ್ಜಲ ಎಷ್ಟು ಆಳದಲ್ಲಿದೆ? ಕಳೆದ ನೆರೆಯ ಮಟ್ಟ ಎಲ್ಲಿಯವರೆಗಿತ್ತು? ಕೊಳವೆಬಾವಿಗಳ ನೈಟ್ರೇಟ್ ವರದಿ ಏನು ಹೇಳುತ್ತದೆ?

(6) ಪಂಚಾಯಿತಿಯ ಹೆಸರಿನಲ್ಲಿರುವ, ಊರಿನ ಹರಿವಿಗೆ ಕೆಳಗಿರುವ, ನೆರೆಯ ಮಟ್ಟಕ್ಕೆ ಮೇಲಿರುವ ಜಾಗ ಎಷ್ಟು ಗುಂಟೆ ಇದೆ?

(7) ಸಮೀಪದ ಪಟ್ಟಣದ ಘಟಕ ಅಥವಾ ನೆರೆ ಪಂಚಾಯಿತಿಯೊಂದಿಗೆ ಕೂಡಿ ಮಾಡಬಹುದಾದ ಕೆಲಸ ಯಾವುದು?

(8) ಘಟಕವನ್ನು ನಡೆಸಲು ವರ್ಷಕ್ಕೆ ಎಷ್ಟು ಹಣ ಮೀಸಲಿಡಲು ಸಾಧ್ಯ?

ಈ ಎಂಟು ಪ್ರಶ್ನೆಗಳಿಗೆ ಉತ್ತರ ದೊರೆತಾಗ ಇಂಜಿನಿಯರರು ತರುವ ಯೋಜನಾ ವರದಿಯನ್ನು ಸದಸ್ಯರು ಸ್ವತಃ ಪರಿಶೀಲಿಸಬಲ್ಲರು. ವರದಿಯಲ್ಲಿನ ಸಾಮರ್ಥ್ಯದ ಅಂಕಿಯು ಗ್ರಾಮದಲ್ಲಿ ಅಳೆದ ಅಂಕಿಗೆ ಹೊಂದದಿದ್ದರೆ ಕಾರಣ ಕೇಳಿ ದಾಖಲಿಸುವುದು ಸದಸ್ಯರ ಹಕ್ಕೂ ಹೌದು, ಕರ್ತವ್ಯವೂ ಹೌದು.